ಚಿನ್ನದ ಗಣಿಯ ಪಕ್ಕದಲ್ಲಿ ನಮ್ಮೂರು



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಮಯದಲ್ಲಿ, ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಅಂತ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು ನಮಗೆ ಹೇಳಿದರು. ನಾವು ಎಸ್.ಎಸ್.ಎಲ್.ಸಿ.ವರೆಗೆ ಓದಿದವರು, ಬರೆದು ರೂಢಿಯಿಲ್ಲ. ಸಂಘದ ಲೆಕ್ಕಪತ್ರ, ಹಾಲಿನ ಶೇಖರಣೆ, ಬೋನಸ್ಸು ಇವುಗಳ ಬಗ್ಗೆ ಬೇರೆಯವರು ಬರೆದಿದ್ದಾರೆ. ಆದ್ದರಿಂದ ಸಂಘ ಹುಟ್ಟುವ ಮೊದಲು ನಮ್ಮೂರಿನ ಹಾಲು ಎಲ್ಲಿಗೆ ಹೋಗುತ್ತಿತ್ತು ಅನ್ನೋದನ್ನು ಬರೆಯೋಣ ಅಂತ ಕೂತೆವು. ಅದನ್ನು ಬರೆಯಬೇಕಾದರೆ ಕೋಲಾರ ಚಿನ್ನದ ಗಣಿಯ ಕತೆಯನ್ನೇ ಬರೆಯಬೇಕು. ಬೇರೆ ದಾರಿ ಇಲ್ಲ.

ಕೋಲಾರ ಅಂದರೆ ಚಿನ್ನ, ರೇಷ್ಮೆ, ಹಾಲು ಅಂತ ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಮೂರರಲ್ಲಿ ಚಿನ್ನ ನಿಂತುಹೋಯಿತು. ರೇಷ್ಮೆ ಒಂದು ವರ್ಷ ಏರುತ್ತೆ, ಒಂದು ವರ್ಷ ಇಳಿಯುತ್ತೆ. ಹಾಲು ಮಾತ್ರ ದಿನಾ ಬೆಳಗ್ಗೆ ಸಂಜೆ ಬರುತ್ತಲೇ ಇದೆ. ಈಗಿನ ಹುಡುಗರಿಗೆ ಕೆ.ಜಿ.ಎಫ್. ಅಂದರೆ 2018ರಲ್ಲಿ ಬಂದ ಸಿನಿಮಾ. ಗಣಿ ಅಂದರೆ ಏನು ಅಂತ ಕೇಳಿದರೆ ಸೈನೈಡ್ ಗುಡ್ಡದ ಕಡೆ ಕೈ ತೋರಿಸುತ್ತಾರೆ. ಆ ಗುಡ್ಡ ಗಣಿಯಲ್ಲ, ಗಣಿಯ ಕಸ. ಗಣಿ ಇದ್ದದ್ದು ನೆಲದ ಒಳಗೆ.

ಗಣಿ ಹುಟ್ಟಿದ ಬಗೆ

ಈ ಸೀಮೆಯಲ್ಲಿ ಚಿನ್ನ ಇದೆ ಅನ್ನೋದು ಇಂಗ್ಲಿಷರು ಕಂಡುಹಿಡಿದ ವಿಷಯವಲ್ಲ. ಅವರು ಬರುವ ಮೊದಲೇ ನಮ್ಮವರು ಗುಂಡಿ ತೋಡಿ, ಕಲ್ಲು ಒಡೆದು, ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದರು. 1799ರಲ್ಲಿ ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಮೈಸೂರು ಸೀಮೆಯ ಗಡಿ ಅಳೆಯುವ ಕೆಲಸಕ್ಕೆ ಜಾನ್ ವಾರೆನ್ ಅನ್ನೋ ಸೈನ್ಯದ ಅಧಿಕಾರಿ ಈ ಕಡೆ ಬಂದ. 1802ರಲ್ಲಿ ಮಾರಿಕುಪ್ಪಂ, ಉರಿಗಾಂ ಸುತ್ತಮುತ್ತ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಕಣ ಎತ್ತುತ್ತಿದ್ದದ್ದನ್ನು ನೋಡಿ ಬರೆದಿಟ್ಟ. ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸ ಅದು.

ಆ ಬರಹ ಓದಿ ಎಪ್ಪತ್ತು ವರ್ಷದ ಮೇಲೆ ಮೈಕೇಲ್ ಲವೆಲ್ ಅನ್ನೋ ಐರಿಷ್ ಸಿಪಾಯಿ ಬೆಂಗಳೂರಿನಿಂದ ಹೊರಟು ಇಲ್ಲಿಗೆ ಬಂದ. ಬೆಂಗಳೂರಿನ ಲ್ಯಾವೆಲ್ ರಸ್ತೆ ಅಂತ ಇದೆಯಲ್ಲ, ಅದು ಇವನ ಹೆಸರೇ. ಆಗ ಮೈಸೂರು ಸರ್ಕಾರದವರಿಗೆ ಚಿನ್ನದಲ್ಲಿ ನಂಬಿಕೆ ಇರಲಿಲ್ಲವಂತೆ, ಬೇಕಾದರೆ ಕಲ್ಲಿದ್ದಲು ಹುಡುಕಿಕೊ ಅಂದರಂತೆ. ಅವನು ಹಟ ಬಿಡಲಿಲ್ಲ. 1875ರಲ್ಲಿ ಇಪ್ಪತ್ತು ವರ್ಷದ ಪರವಾನಗಿ ಸಿಕ್ಕಿತು. ಆದರೆ ಅವನ ಕೈಲಿ ಅಷ್ಟು ದುಡ್ಡಿರಲಿಲ್ಲ, ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಲಂಡನ್ನಿನ ಕಂಪನಿ ಬಂತು. ಅವರೂ ಮೊದಲು ನಷ್ಟ ಮಾಡಿಕೊಂಡರು. ಆಮೇಲೆ ಚಾಂಪಿಯನ್ ರೀಫ್ ಅನ್ನೋ ದೊಡ್ಡ ಅದಿರಿನ ಪಟ್ಟಿ ಸಿಕ್ಕಿತು. ಅಲ್ಲಿಂದ ಮೈಸೂರು ಮೈನು, ಚಾಂಪಿಯನ್ ರೀಫು, ಉರಿಗಾಂ, ನಂದಿದುರ್ಗ ಮೈನು ಅಂತ ಒಂದರ ಪಕ್ಕ ಒಂದು ಎದ್ದವು.

ಅದಿರನ್ನು ಮೇಲಕ್ಕೆ ತಂದು, ಗಿರಣಿಯಲ್ಲಿ ಕುಟ್ಟಿ ಹಿಟ್ಟು ಮಾಡಿ, ಪಾದರಸ ಹಾಕಿ ಚಿನ್ನ ಹಿಡಿಯುತ್ತಿದ್ದರು. ಪಾದರಸಕ್ಕೆ ಸಿಗದೆ ಉಳಿದ ಚಿನ್ನವನ್ನು ಸೈನೈಡ್ ನೀರಲ್ಲಿ ಕರಗಿಸಿ ತೆಗೆಯುತ್ತಿದ್ದರು. ಉಳಿದ ಹಿಟ್ಟನ್ನು ಹೊರಗೆ ಸುರಿದರು. ನೂರು ವರ್ಷದ ಮೇಲೆ ಸುರಿದದ್ದೇ ಇವತ್ತಿನ ಗುಡ್ಡಗಳು. ಒಟ್ಟು ಹದಿಮೂರು ದಿಬ್ಬ, ಮೂರು ಕೋಟಿ ಟನ್ನಿಗೂ ಹೆಚ್ಚು ಹಿಟ್ಟು. ಇಷ್ಟು ಕಸದ ಎದುರಿಗೆ ಒಟ್ಟು ಸಿಕ್ಕ ಚಿನ್ನ ಸುಮಾರು 800 ಟನ್ನು.

ರೈಲು, ಕರೆಂಟು, ನೀರು

ಗಣಿಗೋಸ್ಕರ 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ರೈಲು ಬಂತು. ಆಗ ಬಂಗಾರಪೇಟೆಗೆ ಬೌರಿಂಗ್‌ಪೇಟೆ ಅಂತ ಹೆಸರು, ಬೌರಿಂಗ್ ಅನ್ನೋ ಕಮಿಷನರ ಹೆಸರಲ್ಲಿ. ಮೊದಮೊದಲು ಗಣಿಯ ಯಂತ್ರಗಳೆಲ್ಲಾ ಉಗಿಯಲ್ಲಿ ನಡೆಯುತ್ತಿದ್ದವು. ಕಲ್ಲಿದ್ದಲು ಸಾಲದೆ ಸುತ್ತಲಿನ ಕಾಡಿನ ಸೌದೆಯೂ ಬಾಯ್ಲರಿಗೆ ಹೋಯಿತು. ನಮ್ಮ ಮುತ್ತಾತ ಎರಡು ಎತ್ತಿನ ಗಾಡಿಯಲ್ಲಿ ಸೌದೆ ಹೊಡೆದವರು. ನಮ್ಮ ಗುಡ್ಡಗಳು ಬೋಳಾದದ್ದಕ್ಕೆ ಮಳೆಯನ್ನು ಬೈಯುತ್ತೇವೆ. ಕಡಿದ ಕೊಡಲಿಯಲ್ಲಿ ನಮ್ಮ ಮನೆಯದ್ದೂ ಒಂದಿತ್ತು ಅನ್ನೋದನ್ನು ಒಪ್ಪಿಕೊಳ್ಳಬೇಕು.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸುವ ಕೆಲಸ ಶುರುವಾಯಿತು. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರು ತಂತಿ ಎಳೆದು ಗಣಿಗೆ ಕರೆಂಟು ಕೊಟ್ಟರು. ಅಷ್ಟು ದೂರಕ್ಕೆ ಕರೆಂಟು ಕಳಿಸಿದ್ದು ಆಗ ಪ್ರಪಂಚದಲ್ಲೇ ದೊಡ್ಡ ಸಾಹಸ. ಬೆಂಗಳೂರಿಗೆ ದೀಪ ಬಂದದ್ದು ಇದಾದ ಮೂರು ವರ್ಷಕ್ಕೆ, 1905ರಲ್ಲಿ. ನಮ್ಮೂರಿನ ಬಯಲಲ್ಲಿ ನಿಂತರೆ ರಾತ್ರಿ ಗಣಿಯ ದೀಪಗಳು ಜಾತ್ರೆಯ ಹಾಗೆ ಕಾಣುತ್ತಿದ್ದವು ಅಂತ ತಾತ ಹೇಳುತ್ತಿದ್ದರು. ಅದನ್ನು ಹೇಳುವಾಗ ಅವರ ಪಕ್ಕದಲ್ಲಿ ಇರುತ್ತಿದ್ದದ್ದು ಸೀಮೆಎಣ್ಣೆ ಬುಡ್ಡಿ. ನಮ್ಮೂರಿಗೆ ಕಂಬ ಬಂದದ್ದು ಅವರು ತೀರಿಕೊಂಡ ಮೇಲೆ.

ನೀರಿನ ಕತೆಯೂ ಹಾಗೇ. ಪಾಲಾರ್ ನದಿಗೆ ಅಡ್ಡಲಾಗಿ ಕಟ್ಟಿದ ಬೇತಮಂಗಲದ ಕೆರೆ ಬಹಳ ಪುರಾತನವಾದದ್ದು. ಊರಿಗೆ ವಿಜಯಾದಿತ್ಯಮಂಗಲ ಅಂತ ಹಿಂದಿನ ಹೆಸರು. ರಾಜರು ಕಟ್ಟಿಸಿದ್ದು ಗದ್ದೆಗಾಗಿ. ಗಣಿ ಬಂದ ಮೇಲೆ ಆ ನೀರು ಸೋಸಿಕೊಂಡು, ಪೈಪಿನಲ್ಲಿ ಗಣಿಯ ಊರಿಗೆ ಹೋಯಿತು. ಅಲ್ಲೂ ಜನರಿದ್ದರು, ಅವರಿಗೂ ಕುಡಿಯಲು ನೀರು ಬೇಕಿತ್ತು. ತಪ್ಪು ಅಂತ ಹೇಳುತ್ತಿಲ್ಲ. ಗಣಿಯ ಊರು ನಮ್ಮ ಸೌದೆ, ನಮ್ಮ ನೀರು, ನಮ್ಮ ಹಾಲು ಉಂಡು ಬೆಳೆದದ್ದು ಅನ್ನೋದಷ್ಟೇ ಮಾತು.

ನೆಲದೊಳಗಿನ ಜನ

ಗಣಿಯೊಳಗೆ ಇಳಿದವರಲ್ಲಿ ಬಹುಪಾಲು ಜನ ತಮಿಳು ಸೀಮೆಯಿಂದ ಬಂದವರು. ಉತ್ತರ ಆರ್ಕಾಟ್, ಸೇಲಂ ಕಡೆಯ ಹೊಲವಿಲ್ಲದ ಬಡವರು. ಅಲ್ಲಿ ಊರಾಚೆ ಇರಿಸಿದ್ದ ಜನ ಇಲ್ಲಿ ಭೂಮಿಯೊಳಗೆ ಇಳಿದರು. ಆಂಧ್ರದ ಕಡೆಯಿಂದಲೂ ಬಂದರು. ಇಂಗ್ಲಿಷರ ಬಂಗಲೆ, ಕ್ಲಬ್ಬು, ಚರ್ಚು, ಹೂದೋಟ ನೋಡಿ ಪುಟ್ಟ ಇಂಗ್ಲೆಂಡು ಅಂತ ಕರೆದರು. ಕಾರ್ಮಿಕರ ಲೈನುಗಳನ್ನು ನೋಡಿ ಯಾರೂ ಹಾಗೆ ಕರೆಯಲಿಲ್ಲ. ಒಂದು ಕೋಣೆ, ಅದರಲ್ಲೇ ಅಡಿಗೆ, ಅದರಲ್ಲೇ ಎಂಟು ಹತ್ತು ಜನ.

ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರು ಆಳ. ನಂದಿ ಬೆಟ್ಟದ ತುದಿ ಸಮುದ್ರ ಮಟ್ಟದಿಂದ 1,478 ಮೀಟರು. ಅದರ ಎರಡರಷ್ಟಕ್ಕಿಂತ ಹೆಚ್ಚು ಕೆಳಗೆ ಇಳಿದು ಕೆಲಸ ಮಾಡಿ ಬರುತ್ತಿದ್ದರು. ಅಲ್ಲಿ ಬಂಡೆಯೇ ಸುಡುತ್ತೆ. ಮೇಲಿನಿಂದ ಯಂತ್ರದಲ್ಲಿ ತಣ್ಣನೆ ಗಾಳಿ ಕಳಿಸದಿದ್ದರೆ ಮನುಷ್ಯ ನಿಲ್ಲೋದಕ್ಕೆ ಆಗುತ್ತಿರಲಿಲ್ಲ. ಒತ್ತಡ ತಡೆಯಲಾರದೆ ಬಂಡೆ ಸಿಡಿಯುತ್ತಿತ್ತು. ಅದಕ್ಕೆ ರಾಕ್‌ಬರ್ಸ್ಟ್ ಅಂತಾರೆ. ಮೇಲೆ ಮನೆಗಳಲ್ಲಿ ಪಾತ್ರೆ ಅಲುಗಾಡಿದರೆ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಶಾಫ್ಟಿನ ಕಡೆ ಓಡುತ್ತಿದ್ದರು, ತಮ್ಮ ಮನೆಯವರು ಕೇಜಿನಲ್ಲಿ ಮೇಲೆ ಬರುತ್ತಾರೋ ಇಲ್ಲವೋ ಅಂತ. ಬಂಡೆ ಸಿಡಿಯುವುದನ್ನು ಅಭ್ಯಾಸ ಮಾಡಲಿಕ್ಕೆ ಹುಟ್ಟಿದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಇಲ್ಲೇ ಶುರುವಾಯಿತು. ಬಂಡೆಯಿಂದ ಉಳಿದವರನ್ನು ದೂಳು ಬಿಡಲಿಲ್ಲ. ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಆಗುತ್ತೆ, ಅದಕ್ಕೆ ಮದ್ದಿಲ್ಲ.

ಈ ಜನ ಸುಮ್ಮನೆ ತಲೆಬಾಗಿದವರೂ ಅಲ್ಲ. 1930ರಲ್ಲಿ ಕಂಪನಿಯವರು ಎಲ್ಲರ ಬೆರಳಚ್ಚು ತೆಗೆಯುತ್ತೇವೆ ಅಂದಾಗ, ನಾವೇನು ಕಳ್ಳರೇ ಅಂತ ಸಾವಿರಾರು ಜನ ಕೆಲಸ ನಿಲ್ಲಿಸಿದರು. 1946ರ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು.

ಇನ್ನೊಂದು ವಿಷಯ ನಮ್ಮ ಮಕ್ಕಳು ತಿಳಿಯಬೇಕು. ಇದೇ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ವಿಜ್ಞಾನಿಗಳು ಯಂತ್ರ ಇಟ್ಟುಕೊಂಡು ಕೂತಿದ್ದರು. ನ್ಯೂಟ್ರಿನೋ ಅಂತ ಒಂದು ಕಣ, ಭೂಮಿಯನ್ನೇ ತೂರಿಕೊಂಡು ಹೋಗುತ್ತೆ, ಯಾರ ಕಣ್ಣಿಗೂ ಬೀಳೋದಿಲ್ಲ. ಬೇರೆ ಕಿರಣಗಳೆಲ್ಲ ಅಷ್ಟು ಆಳಕ್ಕೆ ಬರುವಷ್ಟರಲ್ಲಿ ಬಂಡೆಯಲ್ಲೇ ನಿಂತುಹೋಗುವುದರಿಂದ ಅದನ್ನು ಗುರುತಿಸೋಕೆ ಗಣಿಯೇ ಸರಿಯಾದ ಜಾಗ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋದ ಗುರುತು 1965ರಲ್ಲಿ ಇಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲೂ ಸಿಕ್ಕಿತು. ಮುಂಬಯಿಯ ಟಾಟಾ ಸಂಸ್ಥೆಯವರು, ಜಪಾನಿನವರು, ಇಂಗ್ಲೆಂಡಿನವರು ಸೇರಿ ಮಾಡಿದ ಕೆಲಸ. ಅವರ ಯಂತ್ರಗಳನ್ನು ಕೆಳಗೆ ಇಳಿಸಿದ್ದು ಅದೇ ಕೇಜು.

ಸೈಕಲ್ಲು ಮತ್ತು ಹಾಲಿನ ಪುಸ್ತಕ

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇವೆ. ನಮ್ಮ ಅಪ್ಪ ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡು ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಲೈನುಗಳಿಗೆ ಹಾಲು ಹಾಕುತ್ತಿದ್ದರು. ಶಿಫ್ಟಿನ ಸೈರನ್ ಕೂಗುವುದರೊಳಗೆ ಹಾಲು ಮನೆ ಸೇರಬೇಕು, ಒಳಗೆ ಇಳಿಯುವವರು ಟೀ ಕುಡಿದು ಹೋಗಬೇಕಲ್ಲ. ರಜಾ ದಿನಗಳಲ್ಲಿ ನಾವೂ ಹೋಗುತ್ತಿದ್ದೆವು. ಅಪ್ಪ ತೆಲುಗು ಬೆರೆಸಿದ ಕನ್ನಡದಲ್ಲಿ ಮಾತಾಡೋರು, ಅವರು ತಮಿಳಲ್ಲಿ ಉತ್ತರ ಕೊಡೋರು. ಲೆಕ್ಕದಲ್ಲಿ ಒಂದು ದಿನವೂ ತಕರಾರು ಬರಲಿಲ್ಲ. ತಿಂಗಳ ಸಂಬಳದ ದಿನ ಪುಸ್ತಕ ತೆಗೆದು ಬಾಕಿ ಓದಿದರೆ ಎಣಿಸಿ ಕೊಡುತ್ತಿದ್ದರು.

2000ನೇ ಇಸವಿಯಲ್ಲಿ ನಮ್ಮ ಸಂಘ ನೋಂದಣಿ ಆದಾಗ ಸದಸ್ಯರಾಗಲು ಜನ ಮುಂದೆ ಬರಲಿಲ್ಲ. ಅಪ್ಪನೇ ಬರಲಿಲ್ಲ. ಡಿಪೋದಲ್ಲಿ ಫ್ಯಾಟು ನೋಡಿ ರೇಟು ಕೊಡ್ತಾರೆ, ಲೈನಲ್ಲಿ ಮುಖ ನೋಡಿ ಕೊಡ್ತಾರೆ, ನಾವ್ಯಾಕೆ ಹಾಕಬೇಕು ಅನ್ನೋರು. ಹಾಗೆ ಹೇಳಿದವರು ಊರಲ್ಲಿ ಅವರೊಬ್ಬರೇ ಅಲ್ಲ, ಹಿರಿಯ ಸದಸ್ಯರಿಗೆ ನೆನಪಿರಬಹುದು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮೊದಮೊದಲು ಒಂದು ಟನ್ನು ಅದಿರಲ್ಲಿ ನಲವತ್ತು ಗ್ರಾಂಗೂ ಮೇಲೆ ಸಿಗುತ್ತಿದ್ದ ಚಿನ್ನ, ಕೊನೆಕೊನೆಗೆ ಬೆರಳಲ್ಲಿ ಎಣಿಸುವಷ್ಟು ಗ್ರಾಂಗೆ ಇಳಿದಿತ್ತು. ಅಷ್ಟು ಆಳದಿಂದ ತೆಗೆಯುವ ಖರ್ಚು ಚಿನ್ನದ ಬೆಲೆಗಿಂತ ಹೆಚ್ಚಾಗಿತ್ತು. ಒಂದು ಕಾಲಕ್ಕೆ ಮೂವತ್ತು ಸಾವಿರದಷ್ಟು ಜನ ದುಡಿದ ಜಾಗದಲ್ಲಿ ಕೊನೆಗೆ ಉಳಿದಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಪಂಪು ನಿಂತ ಮೇಲೆ ಒಳಗೆ ನೀರು ತುಂಬಿಕೊಂಡಿತು.

ಮಾರನೆ ದಿನವೂ ನಾವು ಹಾಲು ತೆಗೆದುಕೊಂಡು ಹೋದೆವು. ಆಗ ನಮಗೆ ಇಪ್ಪತ್ತರ ಪ್ರಾಯ, ಅಪ್ಪನ ಬದಲು ನಾವೇ ಸೈಕಲ್ ತುಳಿಯುತ್ತಿದ್ದೆವು. ಎಲ್ಲರೂ ಮನೆ ಮುಂದೆ ಕೂತಿದ್ದರು. ಆ ಹೊತ್ತಿನಲ್ಲಿ ಅಷ್ಟು ಗಂಡಸರು ಮನೆಯಲ್ಲಿರೋದನ್ನು ನಾವು ಕಂಡಿರಲಿಲ್ಲ. ಒಂದು ಲೀಟರ್ ತೆಗೆದುಕೊಳ್ಳುವವರು ಅರ್ಧ ಸಾಕು ಅಂದರು. ತಿಂಗಳಾದ ಮೇಲೆ ಕಾಲು ಲೀಟರ್ ಆಯಿತು. ಆಮೇಲೆ ಕರಿ ಟೀ. ಕ್ಯಾನಿನಲ್ಲಿ ಉಳಿದ ಹಾಲನ್ನು ಏನು ಮಾಡುವುದು? ವಾಪಸು ತಂದು ಸಂಘಕ್ಕೆ ಹಾಕಿದೆವು. ನಮ್ಮ ಹಾಗೆ ಎಲ್ಲರೂ ಹಾಕಿದರು. ಆ ವರ್ಷವೇ ನಮ್ಮ ಸಂಘ ತುಂಬಿದ್ದು. ನಾವು ಪ್ರತಿ ಸಭೆಯಲ್ಲೂ ಸಂಘ ಬೆಳೆದದ್ದು ನಮ್ಮ ಶ್ರಮದಿಂದ ಅಂತ ಹೇಳುತ್ತೇವೆ, ಅದು ಸುಳ್ಳಲ್ಲ. ಆದರೆ ಪಕ್ಕದ ಊರಿನ ಒಲೆ ಆರಿದ್ದರಿಂದಲೂ ನಮ್ಮ ಕ್ಯಾನು ತುಂಬಿತು. ಬೆಳ್ಳಿ ಹಬ್ಬದ ದಿನ ಇದನ್ನು ಹೇಳದಿದ್ದರೆ ಲೆಕ್ಕ ಅರ್ಧ ಬರೆದ ಹಾಗೆ.

ಲೈನಿನಲ್ಲಿ ಒಬ್ಬರಿದ್ದರು. ಒಳಗೆ ಡ್ರಿಲ್ ಹಿಡಿದವರು. ಅಪ್ಪ ಅವರನ್ನು ತಂಬಿ ಅನ್ನೋರು, ನಾವು ಅಣ್ಣ ಅನ್ನುತ್ತಿದ್ದೆವು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದ ಕಾರಣ ಅವರೊಬ್ಬರು ಹಾಲು ನಿಲ್ಲಿಸಲಿಲ್ಲ, ಬರೆದುಕೊ ಅಂದರು. ನಾಲ್ಕು ತಿಂಗಳು ಬರೆದುಕೊಂಡೆವು. ಆಮೇಲೆ ಅವರೇ ಬೇಡ ಅಂದುಬಿಟ್ಟರು. ಅಪ್ಪ ಪುಸ್ತಕ ಎತ್ತಿಟ್ಟು, ಆ ಮನೆಯಲ್ಲಿ ಬಾಕಿ ಕೇಳಬೇಡ ಅಂತ ನಮಗೆ ಹೇಳಿದರು.

ಐದು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅವರ ಹೆಂಡತಿ ನಮ್ಮೂರಿಗೆ ಬಂದರು, ಬೇತಮಂಗಲದಲ್ಲಿ ಬಸ್ಸಿಳಿದು ನಡೆದುಕೊಂಡು. ಅಣ್ಣ ಎದೆ ಕಾಯಿಲೆಯಲ್ಲಿ ಹೋಗಿದ್ದರು. ಮಗ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ್ದ, ದಿನಾ ಮಾರಿಕುಪ್ಪದ ರೈಲಲ್ಲಿ ಹೋಗಿ ಬರುತ್ತಿದ್ದ. ಸೆರಗಿನ ಗಂಟು ಬಿಚ್ಚಿ ದುಡ್ಡು ಇಟ್ಟರು. ಅಪ್ಪ ಬೇಡಮ್ಮ, ಅದು ಯಾವತ್ತೋ ಮುಗಿದ ಲೆಕ್ಕ ಅಂದರು. ಆಕೆ ಒಪ್ಪಲಿಲ್ಲ. ಮಕ್ಕಳು ಕುಡಿದ ಹಾಲಣ್ಣಾ, ಬಾಕಿ ಇಟ್ಟು ಹೋದರು ಅಂತ ಇರಬಾರದು, ಪುಸ್ತಕ ತೆಗೀರಿ ಅಂದರು. ಅಪ್ಪ ಒಳಗೆ ಹೋಗಿ ಹುಡುಕಿ ತಂದರು. ನಮ್ಮ ಕೈಲೇ ಬಾಕಿ ಇಲ್ಲ ಅಂತ ಬರೆಸಿ, ಗೀಟು ಹಾಕಿಸಿದರು. ಆಕೆಗೆ ಊಟ ಹಾಕಿ, ಒಂದು ತಂಬಿಗೆ ಹಾಲು ಕೊಟ್ಟು, ನಾವು ಸೈಕಲ್ಲಲ್ಲಿ ಬಸ್ಸಿಗೆ ಬಿಟ್ಟು ಬಂದೆವು. ಆ ಪುಸ್ತಕ ಇವತ್ತಿಗೂ ನಮ್ಮ ಮನೆಯಲ್ಲಿದೆ. ಸಂಘದಲ್ಲಿ ರಾಸು ಸಾಲ ತೆಗೆದುಕೊಂಡು ಕಂತು ಕಟ್ಟದೆ ತಲೆ ತಪ್ಪಿಸಿಕೊಂಡು ಓಡಾಡುವ ಕೆಲವು ಸದಸ್ಯರಿಗೆ ಅದನ್ನು ಒಂದು ಸಲ ತೋರಿಸಬೇಕು ಅಂತ ನಮಗೆ ಆಸೆ.

ಇನ್ನು ಮುಂದೆ

ಇಂದು ಶಾಫ್ಟುಗಳ ಮೇಲಿನ ಕಬ್ಬಿಣದ ಹೆಡ್‌ಗೇರು ತುಕ್ಕು ಹಿಡಿದು ನಿಂತಿವೆ. ಬಂಗಲೆಗಳು ಬೀಳುತ್ತಿವೆ. ಗಾಳಿ ಕಾಲದಲ್ಲಿ ಗುಡ್ಡದ ದೂಳು ಏಳುತ್ತೆ. 1964ರಲ್ಲಿ ಶುರುವಾದ ಬೆಮೆಲ್ ಕಂಪನಿಯ ಕಾರ್ಖಾನೆ ಇರುವುದರಿಂದ ಊರು ಪೂರ್ತಿ ಬರಿದಾಗಲಿಲ್ಲ. ಸಾವಿರಾರು ಜನ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾರೆ. ದಿಬ್ಬಗಳ ಹಿಟ್ಟಿನಲ್ಲಿ ಉಳಿದಿರುವ ಚಿನ್ನ ತೆಗೆಯುವುದಕ್ಕೆ 2024ರಲ್ಲಿ ರಾಜ್ಯ ಮಂತ್ರಿಮಂಡಲ ಒಪ್ಪಿಗೆ ಕೊಟ್ಟಿತು. ತೆಗೆಯಲಿ, ನಾಲ್ಕು ಜನಕ್ಕೆ ಕೆಲಸ ಸಿಗಲಿ. ಆದರೆ ಹೆಡ್‌ಗೇರನ್ನು ಗುಜರಿಗೆ ತೂಕ ಹಾಕಿದರೆ ನೂರಿಪ್ಪತ್ತು ವರ್ಷದ ಬದುಕಿಗೆ ಗುರುತೇ ಇರೋದಿಲ್ಲ. ಹಂಪಿ ಬೇಲೂರು ತೋರಿಸೋಕೆ ಮಕ್ಕಳನ್ನು ಬಸ್ಸಲ್ಲಿ ಕರೆದುಕೊಂಡು ಹೋಗುವ ಶಾಲೆಯವರು ಎರಡು ಹರದಾರಿ ದೂರದ ಗಣಿಯನ್ನೂ ತೋರಿಸಬೇಕು. ರಾಜರು ಕಟ್ಟಿಸಿದ್ದು ಮಾತ್ರ ಚರಿತ್ರೆಯಲ್ಲ. ಕೂಲಿಯವನು ಇಳಿದ ಗುಂಡಿಯೂ ಚರಿತ್ರೆಯೇ.

ಎರಡನೇ ಮಾತು ನಮಗೇ ಸಂಬಂಧಿಸಿದ್ದು. ಗಣಿಯವರು ಚಿನ್ನಕ್ಕಾಗಿ ಇಳಿದರು, ನಾವು ನೀರಿಗಾಗಿ ಇಳಿಯುತ್ತಿದ್ದೇವೆ. ತಾತನ ಬಾವಿ ನಲವತ್ತು ಅಡಿ. ಅಪ್ಪ ಕೊರೆಸಿದ ಬೋರು ಮುನ್ನೂರು. ನಾವು ಕಳೆದ ಸಲ ಕೊರೆಸಿದ್ದು ಸಾವಿರದ ಇನ್ನೂರು ಅಡಿ, ಬಂದದ್ದು ದೂಳು. ಆಳಕ್ಕೆ ಹೋದಷ್ಟೂ ಖರ್ಚು ಜಾಸ್ತಿ, ಸಿಗೋದು ಕಮ್ಮಿ. ಗಣಿ ಮುಚ್ಚಿದ್ದು ಇದೇ ಲೆಕ್ಕದಿಂದ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಅದರ ಗುಣದ ಬಗ್ಗೆ ಊರಲ್ಲಿ ಎರಡು ಮಾತಿದೆ, ಆದರೂ ಅಷ್ಟರ ಮಟ್ಟಿಗೆ ಉಸಿರು ಬಂದಿದೆ. ಅದನ್ನೇ ನಂಬಿ ಕೂರದೆ, ನಮ್ಮೂರ ಕೆರೆಯ ಹೂಳು, ರಾಜಕಾಲುವೆ, ಹೊಲದ ಬದು ನೋಡಿಕೊಳ್ಳದಿದ್ದರೆ, ಸೀಮೆಹಸುವಿಗೆ ಮೇವು ಬೆಳೆಯೋದು ಎಲ್ಲಿ? ಹಾಲಿಲ್ಲದೆ ಸಂಘದ ಕಟ್ಟಡ ಎಷ್ಟು ದೊಡ್ಡದಾಗಿದ್ದರೇನು? ಅದೂ ಒಂದು ಹೆಡ್‌ಗೇರಾಗಿ ನಿಲ್ಲುತ್ತೆ.

ಆದ್ದರಿಂದ ನಿರ್ದೇಶಕರಾಗಿ ನಾವು ಎರಡು ಸಲಹೆಗಳನ್ನು ಸರ್ವಸದಸ್ಯರ ಸಭೆಯ ಮುಂದೆ ಇಡುತ್ತಿದ್ದೇವೆ. ಒಂದು, ಈ ಸಾಲಿನ ನಿವ್ವಳ ಲಾಭದಲ್ಲಿ ಕಾಯ್ದೆ ಒಪ್ಪುವಷ್ಟು ಹಣವನ್ನು ಕೆರೆಯ ಕೆಲಸಕ್ಕೆ ತೆಗೆದಿಡುವುದು. ಎರಡು, ಸಂಘದ ಹೊಸ ಕಟ್ಟಡದಲ್ಲಿ ಒಂದು ಗೋಡೆ ಬೀರು ಗಣಿಯ ನೆನಪಿಗೆ ಬಿಡುವುದು. ನಮ್ಮ ಊರುಗಳಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಗಣಿಯ ದೀಪ, ಹಾಜರಿ ಬಿಲ್ಲೆ, ತಲೆಟೋಪಿ, ಹಳೆಯ ಫೋಟೋ ಇದ್ದರೆ ಗುಜರಿಯವನಿಗೆ ಕೊಡದೆ ಸಂಘಕ್ಕೆ ತಂದುಕೊಡಿ. ಕಾರ್ಯದರ್ಶಿಗಳು ಹೆಸರು ಬರೆದುಕೊಂಡು ರಸೀದಿ ಕೊಡುತ್ತಾರೆ. ಮೊದಲನೆಯದಾಗಿ ನಮ್ಮ ಅಪ್ಪನ ಹಾಲಿನ ಪುಸ್ತಕವನ್ನು ನಾವು ಕೊಡುತ್ತೇವೆ.

1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಕ್ಕೆ ಬೀಜ ಹಾಕಿದರು. ಹಳ್ಳಿಯವರು ಒಬ್ಬರನ್ನೊಬ್ಬರು ನಂಬಿ ಹಾಕಿದ ಆ ಬೀಜದ ಫಲವನ್ನೇ ನಾವು ಇವತ್ತು ತಿನ್ನುತ್ತಿದ್ದೇವೆ. ಹಾಲು ಹಾಕಿದ ತಾಯಂದಿರಿಗೂ, ಹಿಂದೆ ನಮ್ಮ ಹಾಲು ಕುಡಿದು ಎಣಿಸಿ ದುಡ್ಡು ಕೊಟ್ಟ ಲೈನಿನ ಬಂಧುಗಳಿಗೂ ಈ ಸಂದರ್ಭದಲ್ಲಿ ಕೈ ಮುಗಿಯುತ್ತೇವೆ.